ಗೊರಕೆ ನಿಂತ ಕೋಣೆ

ಮೊದಲು ಒಂದು ಜಗಳ ಮುಗಿಸಿಬಿಡುತ್ತೇನೆ, ಆಮೇಲೆ ಕಥೆ.

ಹೋದ ಸಲ ನಾನು ಫೋನಿನಲ್ಲಿ ಮಾತಾಡಿ ಕಳಿಸಿದ ಧ್ವನಿಯನ್ನು ಕೇಳಿ ಒಬ್ಬ ಮಹಾಶಯ ಕೆಳಗೆ ಬರೆದಿದ್ದಾನೆ: ‘ತಾತನಿಗೆ ಮರೆವು ಶುರುವಾಗಿದೆ. ಫ್ಲಾಸ್ಕು ಒಮ್ಮೆ ಹಸಿರು ಅಂತಾರೆ, ಒಮ್ಮೆ ಕೆಂಪು ಅಂತಾರೆ.’ ಲೋ ಬುದ್ಧಿವಂತ, ಫ್ಲಾಸ್ಕಿನ ಮೈ ಹಸಿರು, ಮುಚ್ಚಳ ಕೆಂಪು. ಅದರ ಸ್ವಂತ ಮುಚ್ಚಳ ಎಲ್ಲೋ ಕಳೆದುಹೋಗಿ, ಬೇರೆ ಫ್ಲಾಸ್ಕಿನದು ತಂದು ತಿರುಗಿಸಿದ್ದರು. ನಾನು ಪೊಲೀಸ್ ಕೆಲಸದಲ್ಲಿದ್ದಾಗ ಕಳ್ಳರ ಚಪ್ಪಲಿ ಯಾವ ಕಡೆ ಸವೆದಿತ್ತು ಅಂತ ನೆನಪಿಟ್ಟುಕೊಂಡವನು. ನಿನಗೆ ನಿನ್ನೆ ಏನು ತಿಂದೆ ಅಂತ ಫೋನು ನೋಡಿ ಹೇಳಬೇಕು. ನನ್ನ ನೆನಪಿನ ತಂಟೆಗೆ ಬರಬೇಡ. ನಂಬಿಕೆ ಇಲ್ಲದವರು ಕಿವಿಯಿಂದ ಫೋನು ಇಳಿಸಿ ಬೇರೆ ಕೆಲಸ ನೋಡಿಕೊಳ್ಳಿ.

ಉಳಿದವರು ಕೇಳಿ. ಹೊಸದಾಗಿ ಬಂದವರಿಗೆ ಒಂದೇ ಮಾತು. ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಅನ್ನ ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಬಾಯಿಯಿಂದ ಟ್ಯೂಬು ಇಳಿಸಿ ನೋಡುವ ಎಂಡೋಸ್ಕೋಪಿ ಪರೀಕ್ಷೆಗೆ ಹೋದ. ಮತ್ತಿನ ಇಂಜೆಕ್ಷನ್ ಕೊಟ್ಟರು, ಅಲ್ಲೇ ಸತ್ತ. ‘ಹೆಂಡತಿ ಕದ್ದು ಹಾಲು ಕುಡಿಸಿದ್ದಾಳೆ, ಅದು ಶ್ವಾಸಕೋಶಕ್ಕೆ ಇಳಿದು ಹಾರ್ಟು ನಿಂತಿದೆ’ ಅಂದ ಡಾಕ್ಟರು.

ಸಾಕ್ಷಿ ಏನು? ಅವಳ ಪಕ್ಕದಲ್ಲಿ ಸಿಕ್ಕ ಖಾಲಿ ಫ್ಲಾಸ್ಕು. ಹಸಿರು ಮೈ, ಕೆಂಪು ಮುಚ್ಚಳ.

ಅದಾದ ಮೇಲೆ ಒಂದು ದಿನ ನಾನು ನಾದಿನಿಯ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕುಳಿತಿದ್ದೆ. ಅವಳು ಅಡುಗೆ ಮುಗಿಸಿ, ತಟ್ಟೆ ಹಾಕಿ, ಪಾತ್ರೆಗಳ ಮುಚ್ಚಳ ತೆರೆದಿಟ್ಟಿದ್ದಳು, ವಾಸನೆಗಾದರೂ ಮಗ ಒಳಗೆ ಬರಲಿ ಅಂತ. ಮಗ ಬಂದ. ಕೈಯಲ್ಲಿ ಅಂಗಡಿಯ ಬ್ರೆಡ್ಡು.

“ಊಟಕ್ಕೆ ಬಾರೋ,” ಅಂದಳು.

“ಹೊರಗೆ ಆಯ್ತು.”

ಸುಳ್ಳು ಅಂತ ಬ್ರೆಡ್ಡೇ ಹೇಳುತ್ತಿತ್ತು. ಅವನು ನಲ್ಲಿಯ ಹತ್ತಿರ ಹೋಗಿ, ಅವಳು ಆಗಷ್ಟೇ ತೊಳೆದು ಬೋರಲು ಹಾಕಿದ್ದ ಲೋಟವನ್ನು ಎತ್ತಿಕೊಂಡ. ಮತ್ತೊಮ್ಮೆ ತೊಳೆದ. ಒಳಗೆ ಬೆರಳು ಹಾಕಿ ಉಜ್ಜಿ ತೊಳೆದ. ಆಮೇಲೆ ತಾನೇ ನೀರು ಹಿಡಿದು ಕುಡಿದು ಹೋದ.

ನಾನು ಹೆಣ ನೋಡಿದವನು, ಕೊಲೆ ಮಾಡಿದವನ ಪಕ್ಕದಲ್ಲಿ ಕೂತು ಟೀ ಕುಡಿದವನು. ಆ ಲೋಟ ತೊಳೆಯುವುದನ್ನು ಮಾತ್ರ ನೋಡಲಾಗಲಿಲ್ಲ.

“ಏನೋ ಅದು?” ಅಂತ ಅವನ ಹಿಂದೆ ಕೂಗಿದೆ. “ಅಮ್ಮ ವಿಷ ಹಾಕ್ತಾಳೇನೋ ನಿಂಗೆ?”

ಬಾಗಿಲಲ್ಲಿ ನಿಂತ. “ದೊಡ್ಡಪ್ಪ, ನಾನೇನೂ ಅಂದಿಲ್ಲ. ಅಮ್ಮ ಏನಾದ್ರೂ ಅನ್ನಲಿ ಅಂತ ಕಾಯ್ತಿದೀನಿ. ಫ್ಲಾಸ್ಕಲ್ಲಿದ್ದ ಹಾಲು ಎಲ್ಲಿ ಹೋಯ್ತು ಅಂತ ಒಂದು ಮಾತು ಹೇಳಲಿ, ಸಾಕು. ಚೆಲ್ಲಿದೆ ಅನ್ನಲಿ, ನಂಬ್ತೀನಿ. ಅದೂ ಅನ್ನಲ್ಲ.”

ಹೋದ.

ನಾದಿನಿ ಪಾತ್ರೆಗಳ ಮುಚ್ಚಳಗಳನ್ನು ಒಂದೊಂದಾಗಿ ಮುಚ್ಚಿದಳು.

“ಕೇಳಿದೆಯಲ್ಲಮ್ಮ,” ಅಂದೆ. “ನಾನೂ ಅದನ್ನೇ ಕೇಳ್ತೀನಿ. ಪೊಲೀಸ್ ಆಗಿ ಅಲ್ಲ, ಭಾವನಾಗಿ.”

“ನೀವು ಯಾವತ್ತು ಪೊಲೀಸ್ ಬಿಟ್ಟು ಭಾವ ಆಗಿದ್ರಿ?” ಅಂದಳು. ಅವಳು ಹಾಗೇ, ಎಂಥ ಹೊತ್ತಲ್ಲೂ ಚುಚ್ಚುತ್ತಾಳೆ. ಆಮೇಲೆ ನೆಲಕ್ಕೆ ಹೇಳಿದಳು: “ನಾನೇ ಕುಡಿದೆ.”

“ಏನು?”

“ಹಾಲು. ನಾನೇ ಕುಡಿದೆ ಭಾವ. ಪರೀಕ್ಷೆ ಮುಗಿದ ಮೇಲೆ ಅವರಿಗೆ ಕೊಡೋಣ ಅಂತ ತಂದಿದ್ದೆ. ಅವರು ಉಪವಾಸ ಅಂತ ಹಿಂದಿನ ದಿನದಿಂದ ನಾನೂ ಏನೂ ಮುಟ್ಟಿರ್ಲಿಲ್ಲ. ಅವರು ಒಳಗೆ ಹೋದ ಮೇಲೆ ಹೊಟ್ಟೆ ಚುರುಗುಟ್ಟೋಕೆ ಶುರುವಾಯ್ತು. ಮುಚ್ಚಳಕ್ಕೆ ಬಗ್ಗಿಸ್ಕೊಂಡು ಕುಡಿದೆ. ಮತ್ತೆ ಬಗ್ಗಿಸ್ಕೊಂಡೆ. ಸಕ್ಕರೆ ಸರಿಯಾಗಿತ್ತು. ಚೆನ್ನಾಗಿತ್ತು ಭಾವ.”

ಆ ‘ಚೆನ್ನಾಗಿತ್ತು’ ಅನ್ನುವಾಗ ಅವಳ ಮುಖ ಮುದುಡಿಹೋಯಿತು.

“ಇದನ್ನ ಮಗನಿಗೆ ಹೇಳೋಕೆ ಏನು ಧಾಡಿ?”

“ಏನಂತ ಹೇಳ್ಲಿ? ನಿಮ್ಮಪ್ಪ ಒಳಗೆ ಸಾಯ್ತಿದ್ರು, ನಾನು ಹೊರಗೆ ಕೂತು ಹಾಲು ಕುಡೀತಿದ್ದೆ ಅಂತಲಾ? ಅದಕ್ಕಿಂತ ಕುಡಿಸಿ ಕೊಂದೆ ಅಂತ ಅಂದ್ಕೊಳ್ಳಲಿ ಅನ್ನಿಸ್ತು. ಕುಡಿಸಿದ್ರೆ ಪ್ರೀತಿಗಾದ್ರೂ ಕುಡಿಸಿದ್ದು ಅಂತ ಆಗುತ್ತೆ.”

ನಾಚಿಕೆ ಅನ್ನುವುದು ಎಂಥ ಕೊಲೆಗಡುಕ ನೋಡಿ. ಮಾಡದ ತಪ್ಪು ಹೊತ್ತುಕೊಂಡಳು, ಒಂದು ಲೋಟ ಹಾಲಿನ ನಾಚಿಕೆಗೆ.

“ಒಳಗಿನ ಸದ್ದು ಏನಾದ್ರೂ ಕೇಳಿಸ್ತಾ?”

“ಅವರ ಗೊರಕೆ ಕೇಳಿಸ್ತು,” ಅಂದಳು. ಒಂದು ಗಳಿಗೆ ಅವಳ ತುಟಿಯಲ್ಲಿ ನಗು ಬಂದು ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಷಡ್ಡಕನಿಗೆ ನಮ್ಮ ಕುಟುಂಬದಲ್ಲಿ ‘ಗುಡುಗು’ ಅಂತಲೇ ಹೆಸರು. ದಪ್ಪ ಕತ್ತು, ಅದಕ್ಕೆ ತಕ್ಕ ಗೊರಕೆ. ಮದುವೆ ಮನೆಗಳಲ್ಲಿ ಅವನ ಪಕ್ಕದ ಚಾಪೆ ಯಾರಿಗೂ ಬೇಡ. ನಾನೇ ಎಷ್ಟು ಸಲ ರೇಗಿಸಿದ್ದೇನೆ, ‘ಬಟ್ಟೆ ಒಳಗೆ ತಗೊಳ್ರಮ್ಮ, ಗುಡುಗ್ತಾ ಇದೆ’ ಅಂತ. ಆ ಗುಡುಗು ನಡುನಡುವೆ ಪೂರ್ತಿ ನಿಲ್ಲುತ್ತಿತ್ತು. ಉಸಿರೇ ಇಲ್ಲ. ಆಗ ಇವಳು ನಿದ್ದೆಗಣ್ಣಲ್ಲೇ ಮೊಣಕೈಯಿಂದ ಪಕ್ಕೆಗೆ ತಿವಿಯುತ್ತಿದ್ದಳು. ಅವನು ಬಾಯಿ ತೆರೆದು, ನೀರಿನಿಂದ ಮೇಲೆ ಬಂದವನ ಹಾಗೆ ಗಾಳಿ ಎಳೆದುಕೊಂಡು ಮಗ್ಗುಲಾಗುತ್ತಿದ್ದ. ಮದುವೆಯಾದಾಗಿನಿಂದ ಅವಳು ಮಲಗಿದ್ದು ಗೊರಕೆಯನ್ನು ಕೇಳಿಸಿಕೊಂಡೇ. ಎಚ್ಚರಾಗುತ್ತಿದ್ದದ್ದು ಅದು ನಿಂತಾಗ.

“ಬಾಗಿಲು ಮುಚ್ಚಿತ್ತು,” ಅಂದಳು. “ಆದ್ರೂ ಕೇಳಿಸ್ತಿತ್ತು. ಅದೇ ಧೈರ್ಯ. ಅದಕ್ಕೇ ಹಾಲು ಕುಡಿಯೋ ಮನಸ್ಸು ಬಂತು. ಎರಡನೇ ಸಲ ಬಗ್ಗಿಸ್ಕೊಂಡಿದ್ದೆ, ನಿಂತಿತು.”

“ಆಗ ಏನು ಮಾಡ್ದೆ?”

“ಮೊಣಕೈ ಎತ್ತಿದೆ ಭಾವ.”

ನಾನು ಸ್ಟೂಲನ್ನು ಅವಳ ಹತ್ತಿರ ಎಳೆದುಕೊಂಡೆ.

“ಪಕ್ಕದಲ್ಲಿ ಗೋಡೆ ಇತ್ತು. ಹೋಗಿ ಬಾಗಿಲು ತಟ್ಟಿದೆ. ‘ಕೂತ್ಕೊಳ್ಳಮ್ಮ, ಕರೀತೀವಿ’ ಅಂದ್ರು ಒಳಗಿಂದ. ಕೂತ್ಕೊಂಡೆ.”

ಪತ್ತೇದಾರಿಕೆಯಲ್ಲಿ ಒಂದು ಹಿಡಿ ಸಿಕ್ಕರೆ ಸಾಕು. ನನಗೆ ಸಿಕ್ಕಿತ್ತು. ಹಾರ್ಟು ನಿಂತಿತು ಅಂತ ಎಲ್ಲರೂ ಹೇಳುತ್ತಿದ್ದರು. ನಿಂತಿರಬಹುದು. ಆದರೆ ಮೊದಲು ನಿಂತದ್ದು ಯಾವುದು? ಹಾರ್ಟೋ, ಉಸಿರೋ? ಉಸಿರು ಅಂತಾದರೆ, ಅದು ನಿಂತ ಕೋಣೆಯಲ್ಲಿ ಇಷ್ಟು ಜನ ಏನು ಮಾಡುತ್ತಿದ್ದರು?

ಆಸ್ಪತ್ರೆಗೆ ಹೋದೆ. ಮುಂದಿನ ಬಾಗಿಲಲ್ಲಿ ಹೂಕುಂಡ, ಗಾಜು, ನಗುವ ಹುಡುಗಿ. ನಾನು ಹಿಂದಿನ ಮೆಟ್ಟಿಲು ಹತ್ತಿದೆ. ಟ್ಯೂಬುಗಳನ್ನು ತೊಳೆಯುವ ಕೋಣೆ ಅಲ್ಲಿತ್ತು. ಕಣ್ಣಲ್ಲಿ ನೀರು ಬರಿಸುವ ಔಷಧಿಯ ವಾಸನೆ. ಕಪ್ಪನೆಯ ಉದ್ದ ಟ್ಯೂಬುಗಳು ಕಪಾಟಿನಲ್ಲಿ ಹಾವಿನ ಹಾಗೆ ತಲೆಕೆಳಗಾಗಿ ಜೋತಾಡುತ್ತಿದ್ದವು. ಮೊಣಕೈವರೆಗೆ ಗ್ಲೌಸು ಹಾಕಿಕೊಂಡ ನರ್ಸು ಟ್ಯೂಬಿನ ತೂತಿನಲ್ಲಿ ಸಣ್ಣ ಬ್ರಶ್ಶು ತೂರಿಸಿ ಆ ತುದಿಯಿಂದ ಎಳೆಯುತ್ತಿದ್ದಳು. ಅವತ್ತು ಒಳಗಿದ್ದವಳು ಇವಳೇ. ಆಮೇಲೆ ಅವಳನ್ನು ರೋಗಿಗಳ ಹತ್ತಿರ ಬಿಟ್ಟಿರಲಿಲ್ಲ; ಇಲ್ಲಿಗೆ ತಳ್ಳಿದ್ದರು.

“ಇಲ್ಲಿಗೆಲ್ಲ ಬರಬಾರ್ದು ಸರ್.”

“ಬಂದಾಯ್ತಲ್ಲ. ನಾನು ಗೊರಕೆಯವರ ಷಡ್ಡಕ.”

ಬ್ರಶ್ಶು ನಿಂತಿತು. ಹೆಸರು ಹೇಳಿದ್ದರೆ ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಗೊರಕೆ ಅಂದ ಕೂಡಲೇ ಗೊತ್ತಾಯಿತು.

“ನಾನು ಏನೂ ಹೇಳೋ ಹಾಗಿಲ್ಲ ಸರ್.”

“ಹೇಳಬೇಡ. ಹೊರಗೆ ಕೂತಿದ್ದಳಲ್ಲ ಆ ಅಮ್ಮ, ಅವಳ ಮಗ ಅವಳ ಕೈಯಿಂದ ನೀರು ಮುಟ್ತಿಲ್ಲ. ಅದನ್ನ ಹೇಳಿ ಹೋಗೋಣ ಅಂತ ಬಂದೆ.”

ಹೊರಡುವವನ ಹಾಗೆ ತಿರುಗಿದೆ. ಹಳೆಯ ಉಪಾಯ; ಈಗಲೂ ಕೆಲಸ ಮಾಡುತ್ತದೆ.

“ಅವರು ನಕ್ಕೊಂಡೇ ಬಂದು ಮಲಗಿದ್ರು ಸರ್,” ಅಂದಳು ಹಿಂದಿನಿಂದ. “ಎಡ ಮಗ್ಗುಲಿಗೆ. ಎಡಗೈಗೆ ಸೂಜಿ ಹಾಕಿದ್ವಿ. ಬಲಗೈಗೆ ಬಿ.ಪಿ. ಪಟ್ಟಿ, ಅದೇ ಕೈ ಬೆರಳಿಗೆ ಕ್ಲಿಪ್ಪು. ಆಕ್ಸಿಜನ್ ಎಷ್ಟಿದೆ ಅಂತ ತೋರ್ಸುತ್ತಲ್ಲ, ಅದು. ಮೂಗಿಗೆ ಆಕ್ಸಿಜನ್ ನಳಿಗೆ. ಎಲ್ಲ ಸರಿಯಾಗೇ ಮಾಡಿದ್ವಿ. ಪರದೆ ಚೆನ್ನಾಗಿ ಕಾಣ್ಲಿ ಅಂತ ಲೈಟ್ ಆರಿಸಿದ್ವಿ.”

“ಯಾವಾಗಲೂ ಆರಿಸ್ತೀರಾ?”

“ಯಾವಾಗ್ಲೂ. ಡಾಕ್ಟ್ರು ಟ್ಯೂಬು ಇಳಿಸಿದ್ರು. ಅನ್ನನಾಳದಲ್ಲೇ ಒಂದು ಫೋಟೋ ತೆಗೆದ್ರು.”

“ಫೋಟೋ ಅಂತ ಹೇಗೆ ಗೊತ್ತು?”

“ಟ್ಯೂಬಿನ ಹಿಡಿಯಲ್ಲಿ ಬಟನ್ ಇರುತ್ತೆ. ಒತ್ತಿದ್ರೆ ಪರದೆ ಒಂದು ಗಳಿಗೆ ನಿಂತ ಹಾಗಾಗುತ್ತೆ. ಅದಾದ ಕೂಡ್ಲೇ ಅವರು ಒದ್ದಾಡಿದ್ರು, ಓಕರಿಸಿದ್ರು. ‘ಇನ್ನೊಂಚೂರು ಕೊಡಿ’ ಅಂದ್ರು ಡಾಕ್ಟ್ರು. ಮತ್ತಿನ ಔಷಧಿ. ಕೊಟ್ಟೆ. ಆಮೇಲೆ ಗೊರಕೆ ಬಂತು ನೋಡಿ ಸರ್, ಅಂಥದ್ದು ನಾನು ಕೇಳೇ ಇರ್ಲಿಲ್ಲ. ‘ಯಾರಪ್ಪಾ ಇದು, ಇಲ್ಲಿ ಲಾರಿ ಸ್ಟಾರ್ಟ್ ಮಾಡ್ತಿರೋದು’ ಅಂದ್ರು ಡಾಕ್ಟ್ರು. ಎಲ್ಲರೂ ನಕ್ವಿ.”

“ನಗೋ ಅಂಥದ್ದೇ. ನಾವೂ ನಗ್ತಿದ್ವಿ. ಆಮೇಲೆ?”

“ಆಮೇಲೆ ನಿಂತಿತು.” ಅವಳು ಗ್ಲೌಸಿನ ಬೆರಳುಗಳನ್ನು ಎಳೆಯುತ್ತಾ ನಿಂತಳು. “‘ಸದ್ಯ, ಈಗ ಚೆನ್ನಾಗಿ ನಿದ್ದೆ ಬಂತು’ ಅಂದ್ರು. ನಮಗೂ ಹಾಗೇ ಅನ್ನಿಸ್ತು. ಕೋಣೆ ತಣ್ಣಗಾಯ್ತಲ್ಲ, ಹಾಯ್ ಅನ್ನಿಸ್ತು.”

ನಮ್ಮ ಮನೆಯಲ್ಲಿ ಎದೆ ಧಸಕ್ಕೆನ್ನಬೇಕಾದ ಮೌನ ಅದು. ಅಲ್ಲಿ ಹಾಯ್ ಅನ್ನಿಸಿತು.

“ಬೆರಳಿನ ಕ್ಲಿಪ್ಪು ಏನು ಹೇಳ್ತಿತ್ತು?”

“ನಂಬರ್ ಚೆನ್ನಾಗೇ ಇತ್ತು ಸರ್. ಮೂಗಿಗೆ ಆಕ್ಸಿಜನ್ ಕೊಟ್ಟಿರ್ತೀವಲ್ಲ, ಉಸಿರು ನಿಂತ್ರೂ ನಂಬರ್ ಸ್ವಲ್ಪ ಹೊತ್ತು ಇಳಿಯಲ್ಲ. ಆಮೇಲೆ ಒಂದೇ ಸಲ ಜಾರುತ್ತೆ. ಜಾರಿದಾಗ ಮಾನಿಟರ್ ಕೂಗ್ತು.”

“ಕೂಗಿದಾಗ?”

ಅವಳು ಸಿಂಕಿನ ನೀರನ್ನೇ ನೋಡಿದಳು.

“‘ಪಟ್ಟಿ’ ಅಂದೆ. ನಾನೇ ಅಂದಿದ್ದು.”

“ಹಾಗಂದ್ರೆ?”

“ಕ್ಲಿಪ್ಪು, ಪಟ್ಟಿ ಎರಡೂ ಒಂದೇ ಕೈಗೆ ಹಾಕಿರ್ತೀವಲ್ಲ ಸರ್. ಬಿ.ಪಿ. ನೋಡೋಕೆ ಪಟ್ಟಿ ತಾನೇ ಗಾಳಿ ತುಂಬ್ಕೊಂಡಾಗ ತೋಳು ಬಿಗಿಯುತ್ತೆ, ಬೆರಳಿಗೆ ರಕ್ತ ಹೋಗಲ್ಲ, ಕ್ಲಿಪ್ಪಿಗೆ ಏನೂ ಸಿಗಲ್ಲ, ಮಾನಿಟರ್ ಬಡ್ಕೊಳ್ಳುತ್ತೆ. ದಿನಪೂರ್ತಿ ಇದೇ ಗೋಳು. ಕೂಗಿದ್ರೆ ಯಾರಾದ್ರೂ ಒಬ್ರು ‘ಪಟ್ಟಿ’ ಅಂತೀವಿ, ಸದ್ದು ನಿಲ್ಲಿಸೋ ಬಟನ್ ಒತ್ತೀವಿ. ಅವತ್ತೂ ಅಂದೆ. ಒತ್ತಿದೆ.”

“ಪಟ್ಟಿಯಲ್ಲಿ ಗಾಳಿ ಇತ್ತಾ?”

“ಮುಟ್ಟಿ ನೋಡ್ಲಿಲ್ಲ ಸರ್.” ಬ್ರಶ್ಶನ್ನು ಸಿಂಕಿನ ಅಂಚಿಗಿಟ್ಟು, “ಆಮೇಲೆ ಬಾಗಿಲು ತಟ್ಟಿದ್ರು. ಅದಕ್ಕೂ ನಾನೇ ಕೂಗಿದ್ದು, ಕೂತ್ಕೊಳ್ಳಮ್ಮ ಅಂತ. ಟ್ಯೂಬು ಹೊರಗೆ ಬಂದ ಮೇಲೆ ಲೈಟ್ ಹಾಕಿದ್ವಿ. ತುಟಿ ಎಲ್ಲ ನೀಲಿ. ಎದೆ ಒತ್ತಿದ್ವಿ, ಬಾಯಿಗೆ ನಳಿಗೆ ಹಾಕಿದ್ವಿ... ಬರ್ಲಿಲ್ಲ.”

“ಬಾಯಲ್ಲಿ ಹಾಲು ಬಂತಾ?”

“ನೊರೆ ಬಂತು. ಎದೆ ಒತ್ತಿದ್ರೆ ಯಾರಿಗಾದ್ರೂ ಬರುತ್ತೆ.”

“ಹಾಲು ಅಂತ ಮೊದಲು ಅಂದಿದ್ದು ಯಾರು?”

“ಡಾಕ್ಟ್ರು. ಹೇಳೋಕೆ ಅಂತ ಹೊರಗೆ ಹೋದ್ರು. ಆ ಅಮ್ಮನ ಪಕ್ಕದಲ್ಲಿ ಫ್ಲಾಸ್ಕ್ ನೋಡಿದ್ರು. ವಾಪಸ್ ಬಂದಾಗ ಹಾಲು ಅಂದ್ರು.”

“ಟ್ಯೂಬು ಹೊಟ್ಟೆವರೆಗೆ ಹೋಗಿತ್ತಾ?”

“ಹೋಗಿತ್ತು. ಹೊಟ್ಟೆಲೂ ಫೋಟೋ ತೆಗೆದ್ರು.”

ಕೇಳಿದಿರಾ? ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟುಕೊಂಡು ನೋಡಿದ ಮನುಷ್ಯನೇ ಹೊರಗೆ ಬಂದು, ಫ್ಲಾಸ್ಕು ನೋಡಿ, ಹೊಟ್ಟೆಯಲ್ಲಿ ಏನಿತ್ತು ಅಂತ ಊಹೆ ಮಾಡಿದ. ಇಂಥ ಸಾಕ್ಷಿ ನನ್ನ ಇಡೀ ನೌಕರಿಯಲ್ಲಿ ಸಿಕ್ಕಿರಲಿಲ್ಲ. ಆ ಫೋಟೋ ಒಂದು ಕೈಗೆ ಬಂದರೆ ನನ್ನ ನಾದಿನಿಯ ಮಗ ಇವತ್ತೇ ಅವಳ ಪಕ್ಕ ಕೂತು ಉಣ್ಣುತ್ತಾನೆ. ಹಾರಿಕೊಂಡು ಮೆಟ್ಟಿಲಿಳಿದೆ. ಮಂಡಿ ನೋವು ನೆನಪಾಗಲಿಲ್ಲ.

ಡಾಕ್ಟರ ಕೋಣೆಯಲ್ಲಿ ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಹೊಟ್ಟೆ ಇತ್ತು. ಕಬ್ಬಿಣದ ಕೀಲು, ಬಾಗಿಲ ಹಾಗೆ ತೆರೆಯಬಹುದು. ಅದರೊಳಗೆ ಅವನು ಕ್ಲಿಪ್ಪು, ರಬ್ಬರು ಹಾಕಿಟ್ಟಿದ್ದ. ಅಚ್ಚುಕಟ್ಟಿನ ಮನುಷ್ಯ. ಕೈ ತೊಳೆದು ತೊಳೆದು ಬೆಳ್ಳಗಾದ ಬೆರಳು.

“ಯಜಮಾನ್ರೇ, ಕೂತ್ಕೊಳ್ಳಿ. ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ.”

“ಅರ್ಥ ಆಗೋದು ಬೇಡ ಡಾಕ್ಟ್ರೇ. ಫೋಟೋ ಕೊಡಿ.”

“ಯಾವ ಫೋಟೋ? ಪರೀಕ್ಷೆ ಅರ್ಧಕ್ಕೇ ನಿಂತಿತು.”

“ನಿಂತಿದ್ದು ಉಸಿರು. ಪರೀಕ್ಷೆ ಹೊಟ್ಟೆವರೆಗೂ ಹೋಗಿತ್ತು. ನಿಮ್ಮ ಪರದೆ ನಿಂತು ನಿಂತು ಮುಂದೆ ಹೋಗಿದೆ. ಹೊಟ್ಟೆಲಿ ಹಾಲಿತ್ತಾ, ಇರಲಿಲ್ವಾ? ನೀವು ನೋಡಿದೀರಿ. ನಾನೂ ನೋಡ್ಬೇಕು.”

ಅವನು ನನ್ನನ್ನು ಅಳೆದ. ಎಷ್ಟೋ ಜನ ಅಪರಾಧಿಗಳು ಹಾಗೆ ಅಳೆದಿದ್ದಾರೆ; ಈ ಮುದುಕನಿಗೆ ಎಷ್ಟು ಗೊತ್ತು, ಎಷ್ಟು ಬೊಗಳೆ ಅಂತ. ಕಡೆಗೆ ಕಂಪ್ಯೂಟರಿನ ಕಡೆ ತಿರುಗಿದ. ಪ್ರಿಂಟರು ಗುರುಗುಟ್ಟಿತು. ಒಂದೇ ಹಾಳೆ, ಅದರಲ್ಲಿ ಸಾಲಾಗಿ ಬಣ್ಣದ ಚಿತ್ರಗಳು. ಇಷ್ಟು ಸುಲಭವಾಗಿ ಕೊಡುತ್ತಾನೆ ಅಂದಾಗಲೇ ನನಗೆ ಸಂಶಯ ಬರಬೇಕಿತ್ತು.

ಹೊಟ್ಟೆಯ ಚಿತ್ರದ ಮೇಲೆ ಬೆರಳಿಟ್ಟೆ. ಗುಲಾಬಿ ಮಡಿಕೆಗಳು, ತೊಳೆದಿಟ್ಟ ಹಾಗೆ. ಒಂದು ಹನಿ ಬಿಳಿ ಇಲ್ಲ.

“ಹಾಲೆಲ್ಲಿ ಡಾಕ್ಟ್ರೇ?”

“ಇಲ್ಲ,” ಅಂದ. ಅಷ್ಟೇ. ಮಳೆ ಬರುತ್ತಿಲ್ಲ ಅನ್ನುವ ಹಾಗೆ.

“ಹಾಗಾದ್ರೆ ಒಬ್ಬ ಹೆಂಗಸಿನ ತಲೆಗೆ ಯಾಕೆ ಕಟ್ಟಿದ್ರಿ?”

“ಯಜಮಾನ್ರೇ, ನೀವು ಕೊನೇ ಚಿತ್ರ ನೋಡ್ತಿದೀರಿ. ಮೊದಲನೇದು ನೋಡಿ.”

ಮೊದಲನೆಯದು ಅನ್ನನಾಳದ್ದು. ಒದ್ದೆಯಾದ ಕೆಂಪು ಸುರಂಗ. ಅದರ ಗೋಡೆಗೆ ಏನೋ ಅಂಟಿಕೊಂಡಿತ್ತು. ಸುತ್ತ ನೀಲಿ ಬಣ್ಣ ಇಳಿದಿತ್ತು. ಕನ್ನಡಕ ಏರಿಸಿಕೊಂಡು ನೋಡಿದೆ. ಅರ್ಧ ಮಾತ್ರೆ. ಒಂದು ಕಡೆ ದುಂಡು, ಕರಗಿ ಮೊಂಡಾಗಿದೆ. ಇನ್ನೊಂದು ಕಡೆ ಕತ್ತರಿಸಿದ ನೇರ ಅಂಚು.

“ನೀರಿಲ್ಲದೆ ನುಂಗಿದ್ದಾರೆ,” ಅಂದ ಡಾಕ್ಟರು. “ನೀರೂ ಕುಡೀಬಾರ್ದು ಅಂತ ನಾವೇ ಹೇಳಿದ್ವಲ್ಲ. ಅವರಿಗೆ ಮೊದಲೇ ಎದೆಯಲ್ಲಿ ಸಿಕ್ಕಿಕೊಳ್ಳೋ ತೊಂದರೆ. ಅಲ್ಲೇ ಕೂತು ಕರಗಿದೆ. ನಿದ್ದೆ ಮಾತ್ರೆ ಅಂತ ನನಗೆ ಅನುಮಾನ. ಗಾಬರಿಯಾಗದಿರ್ಲಿ ಅಂತ ಮನೆಯವರು ಯಾರೋ ಕೊಟ್ಟಿದ್ದಾರೆ. ನನ್ನ ಮತ್ತು, ಅದರ ಮತ್ತು, ಎರಡೂ ಸೇರಿದ್ರೆ ಉಸಿರು ಏನಾಗುತ್ತೆ? ಈಗ ಹೇಳಿ, ಹಾಲಿನ ಕಥೆ ವಾಸಿ ಅಲ್ವಾ? ಹಾಲು ಅಂದ್ರೆ ತಿಳೀದೆ ಆದ ತಪ್ಪು. ಇದನ್ನ ಏನಂತಾರೆ, ನಿಮ್ಮ ಇಲಾಖೆಯ ಭಾಷೆಯಲ್ಲಿ?”

ಕೇಳಿಸಿಕೊಳ್ಳುತ್ತಿದ್ದೆ, ಆದರೆ ಕಣ್ಣು ಆ ನೀಲಿಯ ಮೇಲೇ ಇತ್ತು. ಆ ನೀಲಿ ನನಗೆ ಗೊತ್ತು. ದಿನಾ ಊಟವಾದ ಮೇಲೆ ನೋಡುವ ನೀಲಿ. ಆ ನೇರ ಅಂಚೂ ಗೊತ್ತು. ಹೊಲಿಗೆಯ ಕತ್ತರಿಯಲ್ಲಿ ಟಕ್ ಅಂತ ಎರಡು ಮಾಡುವ ಸದ್ದೂ ಗೊತ್ತು.

“ಗುರುತು ಸಿಕ್ಕಿತಾ?” ಅಂದ ಡಾಕ್ಟರು ಮೆತ್ತಗೆ.

ಹಳೆಯ ಪೊಲೀಸನ ಮುಖ ಕಲ್ಲು ಅಂತ ಹೆಮ್ಮೆಪಡುತ್ತಿದ್ದೆ. ಆ ಕಲ್ಲು ಆಗಲೇ ಬಿರುಕು ಬಿಟ್ಟಿತ್ತು. ಆದರೂ ಎದ್ದು ಹೋಗಲಿಲ್ಲ.

“ಒಂದು ಮಾತು,” ಅಂದೆ. “ಈ ಫೋಟೋ ಮೊದಲನೇದು. ಅಂದ್ರೆ ಮಾತ್ರೆ ನಿಮ್ಮ ಕಣ್ಣಿಗೆ ಮೊದಲೇ ಬಿದ್ದಿದೆ. ಹೌದಾ?”

“ಹೌದು.”

“ಮುಂದಿನ ಫೋಟೋದಲ್ಲಿ ಮಾತ್ರೆ ಇಲ್ಲ. ಟ್ಯೂಬಿನ ತುದೀಲೇ ಕೆಳಗೆ ತಳ್ಳಿದ್ರಿ.”

“ದಾರಿಗೆ ಅಡ್ಡ ಇತ್ತು. ತಳ್ಳಿದೆ.”

“ಆಮೇಲೆ ಅವನು ಒದ್ದಾಡಿದ. ನಿದ್ದೆ ಮಾತ್ರೆ ಅಂತ ಅನುಮಾನ ಇಟ್ಕೊಂಡೇ, ‘ಇನ್ನೊಂಚೂರು ಕೊಡಿ’ ಅಂದವರು ಯಾರು ಡಾಕ್ಟ್ರೇ? ನಮ್ಮ ಮನೆಯವರಾ?”

ಅವನ ಬೆಳ್ಳನೆಯ ಬೆರಳುಗಳು ಪ್ಲಾಸ್ಟಿಕ್ ಹೊಟ್ಟೆಯ ಬಾಗಿಲನ್ನು ಮುಚ್ಚಿದವು. ತೆರೆದವು. ಮತ್ತೆ ಮುಚ್ಚಿದವು.

“ಆ ಕೋಣೆಯಲ್ಲಿ ದಿನಾ ಎಷ್ಟು ಜನ ಕಾಯ್ತಿರ್ತಾರೆ ಗೊತ್ತಾ ನಿಮಗೆ?” ಅಂದ. ದನಿ ಮೊದಲ ಸಲ ಒರಟಾಗಿತ್ತು. “ಒಬ್ಬರು ಒದ್ದಾಡಿದ್ರೆ ಇನ್ನೊಂಚೂರು ಕೊಡ್ತೀವಿ. ಮುಗಿಸ್ತೀವಿ. ಎದ್ದು ಹೋಗ್ತಾರೆ. ಎಲ್ಲರೂ ಎದ್ದು ಹೋಗ್ತಾರೆ!”

“ಒಬ್ಬ ಹೋಗ್ಲಿಲ್ಲ.”

“ಹಾಳೆ ತಗೊಂಡು ಹೋಗಿ,” ಅಂದ. “ಯಾರಿಗೆ ಬೇಕಾದ್ರೂ ತೋರಿಸಿ. ನನಗೆ ಏನಾಗುತ್ತೋ ಆಗಲಿ. ಆದ್ರೆ ಎಲ್ಲ ಚಿತ್ರ ಒಂದೇ ಹಾಳೇಲಿದೆ ಯಜಮಾನ್ರೇ. ಹರಿದು ತೋರಿಸಿದ್ರೆ, ಹರಿದಿದ್ದು ಯಾಕೆ ಅಂತ ಕೇಳ್ತಾರೆ. ನಿಮಗೇ ಗೊತ್ತಲ್ಲ, ಆ ಕೆಲಸ ಮಾಡ್ದೋರು.”

ಹಾಳೆಯನ್ನು ಕವರಿಗೆ ಹಾಕಿಕೊಂಡು ಬೀದಿಗೆ ಬಂದೆ. ಬಸ್ಸು ಬಂತು, ಹತ್ತಲಿಲ್ಲ. ನಡೆದೆ. ಔಷಧಿ ಅಂಗಡಿ, ಸೈಕಲ್ ರಿಪೇರಿ, ಶಾಲೆ ಬಿಟ್ಟ ಮಕ್ಕಳು, ಎಲ್ಲ ಯಾವತ್ತಿನ ಹಾಗೇ ಇತ್ತು. ಇಡೀ ದಾರಿ ನನಗೆ ನಾನೇ ವಕೀಲ, ನಾನೇ ಜಡ್ಜು. ಅರ್ಧ ಮಾತ್ರೆ ಪೂರ್ತಿ ಕರಗಿರಲಿಲ್ಲ, ಅಷ್ಟಕ್ಕೆ ಯಾರು ಸಾಯುತ್ತಾರೆ? ಆದರೆ ಕರಗಿದಷ್ಟು ಸಾಕಾಗಿದ್ದರೆ? ಕೊಂದದ್ದು ಮಾತ್ರೆಯೋ, ಇನ್ನೊಂಚೂರೋ, ‘ಪಟ್ಟಿ’ ಅನ್ನುವ ಅಭ್ಯಾಸವೋ? ಅವನ ಗೊರಕೆ ಡಾಕ್ಟರಿಗೆ ಹೇಳಬೇಕಾದ ವಿಷಯ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ. ಅವರೂ ಕೇಳಲಿಲ್ಲ. ನಮಗೆ ಅದು ತಮಾಷೆ, ಅವರಿಗೂ ತಮಾಷೆ.

ಮನೆಗೆ ಬಂದಾಗ ಬಾಗಿಲಲ್ಲಿ ನಾದಿನಿಯ ಚಪ್ಪಲಿ.

ಅಡುಗೆಮನೆಯಲ್ಲಿ ಅಕ್ಕ ತಂಗಿ ಇಬ್ಬರೂ ಇದ್ದರು. ನನ್ನ ಹೆಂಡತಿ ನನಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. ಕಿಟಕಿಯ ಕಟ್ಟೆಯ ಮೇಲೆ ಅವಳ ನಿದ್ದೆ ಮಾತ್ರೆಯ ಡಬ್ಬಿ, ಪಕ್ಕದಲ್ಲಿ ಹೊಲಿಗೆಯ ಕತ್ತರಿ. ಯಾವತ್ತೂ ಅಲ್ಲೇ ಇರುತ್ತವೆ. ಅವತ್ತು ಮಾತ್ರ ಅವೆರಡೇ ಕಂಡವು.

ನಾದಿನಿ ನನ್ನ ಕೈಯ ಕವರು ನೋಡಿ ಎದ್ದು ನಿಂತಳು.

“ಭಾವ, ಸಿಕ್ತಾ?”

“ಹೊಟ್ಟೆ ಖಾಲಿ ಇತ್ತು,” ಅಂದೆ. “ಒಂದು ಹನಿ ಹಾಲಿರಲಿಲ್ಲ. ಫೋಟೋ ಇದೆ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಅಳಲಿಲ್ಲ. ಒಂದು ಗಳಿಗೆ ಕಣ್ಣು ಮುಚ್ಚಿ ನಿಂತಳು, ಬೆನ್ನ ಮೇಲಿನ ಮೂಟೆಯನ್ನು ಯಾರೋ ಇಳಿಸಿದ ಹಾಗೆ.

“ಮಗ ಬೀದಿ ತುದೀಲೇ ಇದಾನೆ,” ಅಂದಳು. “ನನ್ನ ಬಿಟ್ಟು ಹೋಗೋಕೆ ಬಂದಿದ್ದ, ಒಳಗೆ ಬರಲ್ಲ ಅಂದ. ಕೊಡಿ ಭಾವ. ಹೋಗಿ ತೋರಿಸ್ತೀನಿ. ಹಾಲು ನಾನೇ ಕುಡಿದೆ ಅಂತಾನೂ ಹೇಳಿಬಿಡ್ತೀನಿ, ಬೈದ್ರೆ ಬೈಯಲಿ. ಇವತ್ತು ಊಟಕ್ಕೆ ಕೂರಿಸ್ತೀನಿ ಅವನನ್ನ.”

“ನಿನ್ನ ಗಂಡನಿಗೆ ಮಾತ್ರೆ ಏನಾದ್ರೂ ಕೊಟ್ಟಿದ್ಯಾ ಅವತ್ತು?” ಅಂದೆ. ಕೇಳಬಾರದಿತ್ತು. ಬಾಯಿಂದ ಬಂತು.

“ಮಾತ್ರೆನಾ? ಇಲ್ವಲ್ಲ. ಯಾಕೆ ಭಾವ?” ಅಂದಳು. ಅವಳ ಕಣ್ಣಲ್ಲಿ ಕಪಟ ಹುಡುಕಿದೆ. ಇರಲಿಲ್ಲ. “ಹೋಗ್ತಾ ದಾರೀಲಿ ಇಲ್ಲಿಗೆ ಬಂದಿದ್ವಿ, ಅಷ್ಟೇ. ನೀವು ಮಲಗಿದ್ರಿ. ಅವರು ತುಂಬಾ ಹೆದರಿದ್ರು. ಅಕ್ಕ ಅವರನ್ನ ಒಳಗೆ ಕರ್ಕೊಂಡು ಹೋಗಿ ಸಮಾಧಾನ ಹೇಳಿ ಕಳಿಸಿದ್ಳು.”

ನಲ್ಲಿಯ ನೀರು ಸುಮ್ಮನೆ ಸುರಿಯುತ್ತಿತ್ತು. ನನ್ನ ಹೆಂಡತಿಯ ಕೈಯಲ್ಲಿ ಪಾತ್ರೆ ಇರಲಿಲ್ಲ. ಬರೀ ನೀರಿನ ಕೆಳಗೆ ಕೈ ಹಿಡಿದು ನಿಂತಿದ್ದಳು.

ನಾದಿನಿ ಕೈ ಚಾಚಿದಳು. ಕವರಿನ ಒಂದು ತುದಿ ಅವಳ ಬೆರಳಿಗೆ ಸಿಕ್ಕಿತು. ಇನ್ನೊಂದು ತುದಿ ನನ್ನ ಬೆರಳಲ್ಲೇ ಇತ್ತು.

“ರೀ,” ಅಂದಳು ನನ್ನ ಹೆಂಡತಿ. ತಿರುಗಲಿಲ್ಲ. “ಕೊಡಬೇಡಿ.”

ನಾದಿನಿ ಅಕ್ಕನ ಬೆನ್ನನ್ನು ನೋಡಿದಳು. ಆಮೇಲೆ ನನ್ನನ್ನು. ಆಮೇಲೆ ಕಿಟಕಿಯ ಕಟ್ಟೆಯ ಕಡೆ ಅವಳ ಕಣ್ಣು ನಿಧಾನವಾಗಿ ಹೊರಳಿತು.

ಅವಳು ಕವರು ಬಿಡಲಿಲ್ಲ. ನಾನೂ ಬಿಡಲಿಲ್ಲ.

ಸಾಕು, ಇಲ್ಲಿಗೆ ನಿಲ್ಲಿಸುತ್ತೇನೆ. ಇದನ್ನು ನಿಮ್ಮಲ್ಲೇ ಇಟ್ಟುಕೊಳ್ಳಬೇಡಿ, ನಾಲ್ಕು ಜನರಿಗೆ ದಾಟಿಸಿ. ನನ್ನ ನೆನಪು ಸರಿಯಿಲ್ಲ ಅಂದವನಿಗೂ ಕಳಿಸಿ. ಆದರೆ ಮೊದಲು ಗೊರಕೆ ಹೊಡೆಯುವವರ ಮಗ್ಗುಲಲ್ಲಿ ಮಲಗುವವರಿಗೆ ಕಳಿಸಿ. ಆ ಮೊಣಕೈಗೆ ಗೊತ್ತಿರುವುದನ್ನು ಅವರು ಬಾಯಿಬಿಟ್ಟು ಹೇಳಲಿ, ಬಾಗಿಲು ಮುಚ್ಚುವ ಮುಂಚೆ.